ನಾವು ಸಿಗರೇಟಿಗೆ ಪಂಚರು ಹಾಕಿದ್ದು

ನನ್ನ ಮೈದುನನ ಬೆರಳುಗಳಿಗೆ ತೂತು ಕಂಡರಾಗದು. ಎಲ್ಲಿ ತೂತು ಕಂಡರೂ ಅವು ತಾವಾಗಿಯೇ ಹೋಗಿ ಮುಚ್ಚಿಕೊಂಡು ಕೂರುತ್ತಿದ್ದವು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿಯನ್ನು ತಲೆಕೆಳಗು ಮಾಡಿ ಅಲುಗಾಡಿಸಿ ಅಲುಗಾಡಿಸಿ ಸುಸ್ತಾಗುತ್ತಿದ್ದ, ಒಂದು ಕಾಳು ಉಪ್ಪೂ ಬೀಳುತ್ತಿರಲಿಲ್ಲ. ನೋಡಿದರೆ ಮುಚ್ಚಳದ ಮೂರು ತೂತಿಗೆ ಮೂರು ಬೆರಳು ಸಾಲಾಗಿ ಕಾವಲು ನಿಂತಿರುತ್ತಿದ್ದವು. ಕೆಟಲಿನಿಂದ ಟೀ ಬಗ್ಗಿಸುವಾಗ ಮುಚ್ಚಳದ ಮೇಲಿನ ಸಣ್ಣ ತೂತನ್ನು ಹೆಬ್ಬೆರಳಿನಿಂದ ಒತ್ತಿಬಿಡುತ್ತಿದ್ದ. ಒಳಗೆ ಗಾಳಿ ಹೋಗದೆ ಟೀ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. "ಈ ಕೆಟಲಿಗೆ ಏನೋ ರೋಗ ಬಂದಿದೆ ಅತ್ತಿಗೆ, ಬೇರೆ ತಗೊಳ್ಳಿ" ಎಂದು ನನಗೇ ಬುದ್ಧಿ ಹೇಳುತ್ತಿದ್ದ.

ತಪ್ಪು ಅವನದಲ್ಲ, ಕ್ಲಾರಿನೆಟ್ಟಿನದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಹದಿನಾಲ್ಕು ವರ್ಷ. ಆಗಲೇ ಆ ಕಪ್ಪು ಕೊಳವೆಯನ್ನು ಬಾಯಿಗಿಟ್ಟುಕೊಂಡು ಓಡಾಡುತ್ತಿದ್ದ. ಅದಕ್ಕೆ ಮೈತುಂಬ ತೂತು. ಒಂದು ತೂತು ಕೂದಲೆಳೆಯಷ್ಟು ತೆರೆದುಕೊಂಡರೂ ಸ್ವರ ಹೋಗಿ, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಕೂಗು ಬರುತ್ತದೆ. ನಾನು ಮೊದಲ ಆರು ತಿಂಗಳು ಕೇಳಿದ್ದು ಬರೀ ಬೆಕ್ಕನ್ನೇ. ಆಮೇಲೆ ಬೆಕ್ಕು ಕಡಿಮೆಯಾಗುತ್ತ ಬಂದು ರಾಗ ಕಾಣಿಸಿಕೊಂಡಿತು. ಇಪ್ಪತ್ತೆರಡು ತುಂಬುವಷ್ಟರಲ್ಲಿ ಪುರಸಭೆಯ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತು, ಇನ್ನು ಮೂರು ವರ್ಷಕ್ಕೆ ಮೊದಲ ಕ್ಲಾರಿನೆಟ್ಟಿನ ಕುರ್ಚಿ ಸಿಕ್ಕಿತು. ಬೀದಿಯವರು ಅವನ ಹೆಸರನ್ನೇ ಮರೆತು ಪೀಪಿ ಎಂದು ಕರೆಯುತ್ತಿದ್ದರು. ಅವನೂ ಪೀಪಿ ಎಂದರೇ ತಿರುಗಿ ನೋಡುತ್ತಿದ್ದ. ಮದುವೆಯಾಗಲಿಲ್ಲ. ಕೇಳಿದರೆ, "ಒಂದು ಮನೇಲಿ ಊದೋರು ಒಬ್ಬರು ಸಾಕು ಅತ್ತಿಗೆ" ಎಂದು ನಕ್ಕುಬಿಡುತ್ತಿದ್ದ.

ನಮ್ಮದು ಸೈಕಲ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರ ಹಿಂದೆ ಒಂದು ಪುಟ್ಟ ಅಂಗಳ. ನಮ್ಮವರು ಚಕ್ರ, ಚೈನು, ಬ್ರೇಕು ನೋಡಿಕೊಳ್ಳುತ್ತಿದ್ದರು, ಪಂಚರು ನನ್ನ ಪಾಲು. ಟ್ಯೂಬಿಗೆ ಗಾಳಿ ಹೊಡೆದು ಬೋಗುಣಿಯ ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ತೇಪೆ ಒತ್ತಿದರೆ ಆಯಿತು. ಸೂಜಿಮೊನೆಯಷ್ಟು ತೂತಾದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಹೀಗೆ ನಮ್ಮ ಮನೆಯಲ್ಲಿ ಒಬ್ಬ ತೂತು ಮುಚ್ಚಿ ಊದುವವನು, ಇಬ್ಬರು ತೂತು ಮುಚ್ಚಿ ಬದುಕುವವರು. ನಮ್ಮ ಮೂವರ ಬುದ್ಧಿಯೂ ಒಂದೇ ಕಡೆ ಓಡಿದ್ದರಿಂದಲೇ ಒಂದು ವರ್ಷ ಪೀಪಿಯ ಕುರ್ಚಿ ಹೋಗುವುದರಲ್ಲಿತ್ತು.

ಬ್ಯಾಂಡ್ ಮೇಷ್ಟ್ರು ಗಿಡ್ಡ ಆಳು. ಕೈಯಲ್ಲಿ ಕೋಲು ಇರಲಿ ಬಿಡಲಿ, ಎಣಿಸುತ್ತಲೇ ಇರುವ ಮನುಷ್ಯ. ನಡೆದರೂ ಎಣಿಸುತ್ತಿದ್ದರು, ಅಗಿದರೂ ನಾಲ್ಕು ನಾಲ್ಕಾಗಿ ಅಗಿಯುತ್ತಿದ್ದರು. ಆ ವರ್ಷ ಉದ್ಯಾನದಲ್ಲಿ ಬ್ಯಾಂಡಿನವರಿಗೆಂದೇ ಒಂದು ಹೊಸ ಮಂಟಪ ಕಟ್ಟಿಸಿದ್ದರು. ಅದನ್ನು ತೆರೆಯುವ ದಿನಕ್ಕೆ ಮೇಷ್ಟ್ರು ಹೊಸ ಏರ್ಪಾಡು ಯೋಚಿಸಿದ್ದರು. ಮಂಟಪಕ್ಕೆ ನೀಲಿ ಬಟ್ಟೆ ಹೊದಿಸಿರುತ್ತದೆ. ಪುರಸಭೆಯ ಅಧ್ಯಕ್ಷರು ಹಗ್ಗ ಎಳೆಯುತ್ತಾರೆ. ಬಟ್ಟೆ ಜಾರಿ ನೆಲಕ್ಕೆ ಬೀಳುವ ತನಕ ಬ್ಯಾಂಡೆಲ್ಲ ಸುಮ್ಮನಿರಬೇಕು, ಮೊದಲ ಕ್ಲಾರಿನೆಟ್ ಒಂದೇ ಉಸಿರಿನಲ್ಲಿ ಒಂದೇ ಸ್ವರ ಹಿಡಿದಿರಬೇಕು. ಹದಿನಾರು ಎಣಿಕೆ. ಬಟ್ಟೆ ಬಿತ್ತೋ, ಹಿಂದಿನ ಸಾಲಿನಿಂದ ಕಂಚಿನ ತಾಳ ಧಡಾರ್ ಎನ್ನಬೇಕು, ಆಮೇಲೆ ಎಲ್ಲರೂ ಸೇರಿ ನುಡಿಸಬೇಕು.

ಮೊದಲ ಅಭ್ಯಾಸದ ದಿನ ಪೀಪಿಯ ಸ್ವರ ಎಂಟಕ್ಕೆ ನಡುಗಿತು, ಒಂಬತ್ತಕ್ಕೆ ಕುಂಟಿತು, ಹತ್ತಕ್ಕೆ ಕೆಮ್ಮಾಯಿತು.

"ದಿನಕ್ಕೆ ಎಷ್ಟು ಸೇದ್ತೀಯಯ್ಯಾ?" ಮೇಷ್ಟ್ರು ಕೇಳಿದರಂತೆ.

"ಹದಿನೈದು ಸಾರ್."

"ಹದಿನೈದು ಸಿಗರೇಟು ಎಳೆಯೋಕೆ ಉಸಿರಿದೆ, ಹದಿನಾರು ಎಣಿಸೋವರೆಗೆ ಊದೋಕಿಲ್ಲ! ನಾಲ್ಕು ತಿಂಗಳು ಟೈಮಿದೆ. ಆಗಲಿಲ್ಲ ಅಂದ್ರೆ ಎರಡನೇ ಕ್ಲಾರಿನೆಟ್ಟಿನವನು ನಿನ್ನ ಕುರ್ಚೀಲಿ ಕೂರ್ತಾನೆ. ತಾಳದವನು ಹೇಗೂ ಈ ವರ್ಷ ನಿವೃತ್ತಿ. ನೀನು ಹಿಂದೆ ಹೋಗಿ ತಾಳ ಬಡಿ."

ತಾಳ ಬಡಿಯುವುದೆಂದರೆ ಹಿಂದಿನ ಸಾಲಿನಲ್ಲಿ ನಿಂತು ಎಪ್ಪತ್ತು ಎಣಿಕೆ ಕಾದು ಒಂದು ಸಲ ಬಡಿದು ಮತ್ತೆ ಎಪ್ಪತ್ತು ಎಣಿಕೆ ಕಾಯುವ ಕೆಲಸ. ಪೀಪಿ ಮನೆಗೆ ಬಂದವನೇ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ವಿಷಯ ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು.

"ತಾಳಕ್ಕೆ ತೂತೇ ಇಲ್ಲ ಅತ್ತಿಗೆ! ಈ ಬೆರಳುಗಳನ್ನ ಎಲ್ಲಿಡ್ಲಿ?"

"ಮಧ್ಯ ಒಂದಿದೆಯಲ್ಲೋ, ಹಗ್ಗ ಹಾಕೋಕೆ" ಎಂದರು ನಮ್ಮವರು, ಬ್ರೇಕು ಬಿಗಿಯುತ್ತ.

"ಅದ್ರಲ್ಲಿ ಹಗ್ಗ ಇರುತ್ತಲ್ಲ ಅಣ್ಣಾ!"

"ಹಾಗಾದ್ರೆ ಸಿಗರೇಟು ಬಿಡೋ."

"ಬಿಡೋಕಾಗಲ್ಲ. ಬೇರೆ ಏನಾದ್ರೂ ಹೇಳು."

ಬೇರೆಯದನ್ನು ಹೇಳಿದವನು ಎದುರಿನ ಗೂಡಂಗಡಿಯವನು. ಅವನು ಕೇಳದೆ ಇದ್ದವರಿಗೂ ಔಷಧ ಹೇಳುವ ಜಾತಿ. ಒಂದು ಬಿಳಿ ಪ್ಯಾಕೆಟ್ಟು ತೆಗೆದು ಪೀಪಿಯ ಮೂಗಿನ ಮುಂದೆ ಹಿಡಿದ. "ಇದು ಲೈಟು. ಇಲ್ಲಿ ನೋಡು ನಂಬರು. ಟಾರು ಐದು. ನೀನೀಗ ಸೇದ್ತಿರೋದ್ರಲ್ಲಿ ಹದಿನೈದು."

ನಾನು ಇತ್ತ ಕಡೆಯಿಂದ ಕೂಗಿ ಕೇಳಿದೆ: "ಟಾರಾ? ರಸ್ತೆಗೆ ಹಾಕೋದಾ?"

"ಹೊಗೆಯಲ್ಲಿರೋ ಅಂಟು ಅಮ್ಮಾ. ಕಂದು ಬಣ್ಣದ್ದು, ಎದೆ ಒಳಗೆ ಹೋಗಿ ಮೆತ್ಕೊಳ್ಳುತ್ತೆ. ಇದ್ರಲ್ಲಿ ಮೂರರಲ್ಲಿ ಒಂದು ಪಾಲು ಅಷ್ಟೇ."

ಪೀಪಿಯ ಮುಖ ದೀಪ ಹಚ್ಚಿದ ಹಾಗಾಯಿತು. ಅಂಗಳಕ್ಕೆ ಬಂದು ಬೆರಳು ಮಡಿಸಿ ನನಗೆ ಲೆಕ್ಕ ಒಪ್ಪಿಸಿದ: "ಟಾರು ಮೂರರಲ್ಲಿ ಒಂದಾದ್ರೆ ಉಸಿರು ಮೂರು ಪಟ್ಟಾಗಬೇಕು. ಈಗ ಒಂಬತ್ತು. ಮೂರೊಂಬತ್ತಲ ಇಪ್ಪತ್ತೇಳು. ಮೇಷ್ಟ್ರಿಗೆ ಬೇಕಾಗಿರೋದು ಹದಿನಾರು. ಹನ್ನೊಂದು ನನ್ನ ಹತ್ರಾನೇ ಉಳಿಯುತ್ತೆ!" ನನಗೂ ಲೆಕ್ಕ ಸರಿಯಾಗಿಯೇ ಕಂಡಿತು. ನಾನು ಓದಿದ್ದು ಮೂರನೇ ಇಯತ್ತೆ, ಮಗ್ಗಿಯಂತೂ ತಪ್ಪಿರಲಿಲ್ಲ.

ಎರಡು ದಿನ ಆ ಬಿಳಿ ಸಿಗರೇಟನ್ನು ಎಳೆದು ಎಳೆದು ಅವನ ಕೆನ್ನೆ ಎರಡೂ ಒಳಗೇ ಹೋದವು. "ಏನೂ ಬರ್ತಿಲ್ಲ ಅತ್ತಿಗೆ. ಕಿಟಕಿ ಸೇದಿದ ಹಾಗಾಗುತ್ತೆ" ಎಂದು ಗೊಣಗಿದ. ಮೂರನೆಯ ದಿನ ಅವನ ಗೊಣಗು ನಿಂತಿತು. ನಾನು ಟ್ಯೂಬು ಉಜ್ಜುತ್ತ ನೋಡುತ್ತಿದ್ದೆ. ಸಾಮಾನ್ಯವಾಗಿ ಜನ ಸಿಗರೇಟನ್ನು ಎಲ್ಲಿ ಹಿಡಿಯುತ್ತಾರೋ ಅದಕ್ಕಿಂತ ಇವನ ಬೆರಳು ಮೇಲೆ ಮೇಲೆ ಹತ್ತಿ ತುಟಿಯ ಬುಡಕ್ಕೇ ಹೋಗಿದ್ದವು. ತೋರುಬೆರಳು, ನಡುಬೆರಳು, ಹೆಬ್ಬೆರಳು ಮೂರೂ ಫಿಲ್ಟರಿನ ಸುತ್ತ ಕ್ಲಾರಿನೆಟ್ ಹಿಡಿದ ಹಾಗೆ ಕೂತಿದ್ದವು.

"ಹೀಗೆ ಹಿಡಿದ್ರೆ ಚೆನ್ನಾಗಿ ಬರುತ್ತೆ. ಬೆರಳು ತೆಗೆದ್ರೆ ಹೋಗುತ್ತೆ. ಎಲ್ಲೋ ಸೋರ್ತಾ ಇದೆ ಅತ್ತಿಗೆ ಇದು."

ಸೋರುತ್ತಿದೆ ಎಂದು ಯಾರಾದರೂ ಅಂದರೆ ನನ್ನ ಕೈ ಸುಮ್ಮನಿರುವುದಿಲ್ಲ. "ತಾ ಇಲ್ಲಿ" ಎಂದೆ. ಒಂದು ಹೊಸ ಸಿಗರೇಟಿನ ಫಿಲ್ಟರಿಗೆ ವಾಲ್ವ್‌ಗೆ ಹಾಕುವ ರಬ್ಬರ್ ಕೊಳವೆ ಸಿಕ್ಕಿಸಿ, ಆ ಕಡೆಯ ತುದಿಯನ್ನು ಹಿಚುಕಿ ಹಿಡಿದು, ಬೋಗುಣಿಯಲ್ಲಿ ಅದ್ದಿ ಮೆಲ್ಲಗೆ ಊದಿದೆ. ಅಬ್ಬಾ! ಫಿಲ್ಟರಿನ ಸುತ್ತ ಉಂಗುರದಂತೆ ಮಣಿ ಮಣಿ ಗುಳ್ಳೆ. ಒಂದಲ್ಲ, ಎರಡಲ್ಲ. ಒರೆಸಿ ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದ ಹಾಗೆ ಸಾಲು ತೂತು, ಇಪ್ಪತ್ತರ ಮೇಲಿದ್ದವು.

"ರೀ, ಬನ್ನಿ ಇಲ್ಲಿ. ಒಂದೇ ಸಿಗರೇಟಿಗೆ ಇಪ್ಪತ್ತು ಪಂಚರು!"

ನಮ್ಮವರು ಕನ್ನಡಕ ಹಾಕಿಕೊಂಡು ಬಂದರು. ಇನ್ನೊಂದು ಅದ್ದಿದರು, ಮತ್ತೊಂದು ಅದ್ದಿದರು. ಪ್ಯಾಕೆಟ್ಟಿನ ಹತ್ತೂ ನೀರು ಕುಡಿದವು, ಹತ್ತೂ ಗುಳ್ಳೆ ಬಿಟ್ಟವು. ಪೀಪಿ ತಲೆಯ ಮೇಲೆ ಕೈ ಹೊತ್ತು ಕೂತ. ನಮ್ಮವರು ನೆಟ್ಟಗೆ ನಿಂತು, "ಮಾಲು ಡ್ಯಾಮೇಜು. ಸಾಗಿಸೋವಾಗ ಎಲ್ಲೋ ಮುಳ್ಳು ತಾಗಿರ್ಬೇಕು" ಎಂದು ತೀರ್ಪು ಕೊಟ್ಟರು. ಮುಳ್ಳು ಹಾಗೆ ವರಸೆಯಾಗಿ ಚುಚ್ಚುತ್ತದೆಯೇ ಎಂದು ಯೋಚಿಸಬೇಕಾದವರು ಮೂವರೂ ಅಲ್ಲೇ ಇದ್ದೆವು. ಯಾರೂ ಯೋಚಿಸಲಿಲ್ಲ.

"ವಾಪಸ್ ಕೊಡೋಣ್ವಾ ಅಣ್ಣಾ?"

"ಪಂಚರ್ ಅಂಗಡಿಯವನ ತಮ್ಮ ಪಂಚರ್ ಆಗಿದೆ ಅಂತ ವಾಪಸ್ ಕೊಡ್ತಾನಾ? ನಾಚಿಕೆ ಆಗಲ್ವಾ ನಿಂಗೆ?"

ಹೊಸ ಪ್ಯಾಕೆಟ್ಟು ತಂದು, ಮೊದಲನೆಯದಕ್ಕೆ ಸೊಲ್ಯೂಷನ್ ಹಚ್ಚಿ ರಬ್ಬರಿನ ತೇಪೆಯನ್ನೇ ಹಾಕಿದರು. ಪೀಪಿ ಎರಡು ದಮ್ಮು ಎಳೆದು ಕಣ್ಣು ಮೇಲೆ ಮಾಡಿದ. ಟೈರು ಸುಟ್ಟ ವಾಸನೆ ಅಂಗಳದಿಂದ ಬೀದಿಗೆ ಹೋಗಿ, ಗಿರಾಕಿಯೊಬ್ಬರು ತಮ್ಮ ಸೈಕಲ್ಲಿಗೇ ಏನೋ ಆಯಿತೆಂದು ಓಡಿಬಂದರು. ಆಮೇಲೆ ನಾನೇ ದಾರಿ ತೋರಿಸಿದೆ. ತೆಳು ಕಾಗದವನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸುವುದು, ಮೈದಾಹಿಟ್ಟಿನ ಅಂಟು ಸವರುವುದು, ಫಿಲ್ಟರಿಗೆ ಒಂದು ಸುತ್ತು ಸುತ್ತುವುದು. ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಇದೇ ಕೆಲಸ. ನಾನು ಕತ್ತರಿಸುತ್ತಿದ್ದೆ, ಅವರು ಸುತ್ತುತ್ತಿದ್ದರು. ಒಣಗಲೆಂದು ಗೋಡೆಗೆ ನೇತುಹಾಕಿದ್ದ ಹಳೆಯ ಚಕ್ರದ ಕಡ್ಡಿಗಳ ನಡುವೆ ಸಾಲಾಗಿ ಸಿಕ್ಕಿಸುತ್ತಿದ್ದರು. ಒಣಗಿದ ಮೇಲೆ ಒಂದೊಂದನ್ನೂ ಊದಿ ನೋಡಿ, "ಗ್ಯಾರಂಟಿ ಮಾಲು" ಎಂದು ತಮ್ಮನ ಜೇಬಿಗೆ ತುಂಬುತ್ತಿದ್ದರು. ಅಣ್ಣನ ಪ್ರೀತಿಯನ್ನು ನೋಡಿ ನನಗೆ ಎದೆ ತುಂಬಿ ಬರುತ್ತಿತ್ತು.

ಪೀಪಿಗೂ ಬಲು ಖುಷಿ. "ಈಗ ನೋಡಿ ಅತ್ತಿಗೆ, ಹಳೇ ಸಿಗರೇಟಿನಷ್ಟೇ ಗಟ್ಟಿ ಬರುತ್ತೆ. ಟಾರು ಮಾತ್ರ ಐದೇ!"

ಎರಡು ವಾರಕ್ಕೆ ಮೇಷ್ಟ್ರು ಎಣಿಸಿದಾಗ ಸ್ವರ ಎಂಟಕ್ಕೆ ನಿಂತಿತು. ಇನ್ನೆರಡು ವಾರಕ್ಕೆ ಏಳು. ಇಪ್ಪತ್ತೇಳಾಗಬೇಕಿದ್ದ ಲೆಕ್ಕ ಏಳಕ್ಕಿಳಿದದ್ದು ಹೇಗೆಂದು ಮೂವರಿಗೂ ಅರ್ಥವಾಗಲಿಲ್ಲ. ನಮ್ಮವರು ಕ್ಲಾರಿನೆಟ್ಟೇ ಸೋರುತ್ತಿರಬೇಕೆಂದು ಅದನ್ನೂ ಬೋಗುಣಿಯಲ್ಲಿ ಅದ್ದಲು ಹೊರಟಿದ್ದರು. ಪೀಪಿ ಅದನ್ನು ಎದೆಗವಚಿಕೊಂಡು ಬೀದಿಗೆ ಓಡಿಹೋಗಿ ಉಳಿಸಿಕೊಂಡ. ಮೇಷ್ಟ್ರು ಆಗಲೇ ಎರಡನೆಯವನಿಗೆ ಆ ಸ್ವರ ಕಲಿತಿರಲು ಹೇಳಿದ್ದರು. ಅಷ್ಟು ಸಾಲದೆಂದು ಪೀಪಿಯ ಕೈಗೆ ಒಂದು ದಿನ ತಾಳವನ್ನೂ ಕೊಟ್ಟು ತೂಕ ನೋಡಿಸಿದರಂತೆ. ಅವನು ಅಂದು ಮನೆಗೆ ಬಂದು ಊಟವನ್ನೂ ಮಾಡಲಿಲ್ಲ.

ನನಗೆ ಮೊದಲ ಅನುಮಾನ ಬಂದದ್ದು ಕಸ ಗುಡಿಸುವಾಗ. ಅಂಗಡಿಯ ಮುಂದೆ ಗಿರಾಕಿಗಳೂ ಅದೇ ಬಿಳಿ ಸಿಗರೇಟು ಸೇದಿ ಎಸೆಯುತ್ತಿದ್ದರು. ಕೆಲವರ ತುಂಡಿನ ತುದಿಯಲ್ಲಿ ನಡುವೆ ಮಾತ್ರ ಒಂದು ಕಂದು ಬೊಟ್ಟು, ಸುತ್ತ ಬೆಳ್ಳಗೆ. ನಮ್ಮ ಪೀಪಿಯ ತುಂಡು ಮಾತ್ರ ಅಂಚಿನಿಂದ ಅಂಚಿಗೆ ಕುದಿಸಿ ಬಿಟ್ಟ ಟೀ ಬಣ್ಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಂಟು ಎಂದು ಗೂಡಂಗಡಿಯವನು ಹೇಳಿದ್ದು ಇದೇ ಆಗಿದ್ದರೆ, ಇವನಿಗೆ ಇಷ್ಟೊಂದು ಯಾಕೆ? ನಮ್ಮವರನ್ನು ಕೇಳಿದೆ. "ಅವ್ರದ್ದು ಸೋರೋ ಮಾಲು. ನಮ್ದು ರಿಪೇರಿಯಾದ ಮಾಲು. ವ್ಯತ್ಯಾಸ ಇರಲ್ವಾ?" ಎಂದರು ಹೆಮ್ಮೆಯಿಂದ. ಸರಿಯಾಗಿಯೇ ಹೇಳಿದ್ದರು, ಅವರಿಗೇ ಗೊತ್ತಾಗಲಿಲ್ಲ.

ಆ ವಾರವೇ ಸಿಗರೇಟು ಕಂಪನಿಯ ಏಜೆಂಟು ಗೂಡಂಗಡಿಗೆ ಬಂದ. ಕುತ್ತಿಗೆಗೆ ಟೈ, ಕೈಯಲ್ಲಿ ಸೂಟ್‌ಕೇಸು, ಮುಖದ ಮೇಲೆ ಇಸ್ತ್ರಿ ಮಾಡಿದಂಥ ನಗು. ನಮ್ಮವರು ಅವನನ್ನು ಭುಜ ಹಿಡಿದು ಅಂಗಡಿಗೆ ಕರೆತಂದು ಗೋಡೆಯ ಚಕ್ರವನ್ನು ತೋರಿಸಿದರು. ಅಂದಿನ ಹದಿನೈದು ಸಿಗರೇಟು ಅಲ್ಲಿ ಒಣಗುತ್ತಿದ್ದವು.

"ನೋಡಿ ಸ್ವಾಮಿ, ನಿಮ್ಮ ಕಂಪನಿ ಮಾಲು ಪೂರ್ತಿ ಪಂಚರು. ನಾನು ಕಾಸು ತಗೊಳ್ದೆ ಸರಿ ಮಾಡ್ತಿದ್ದೀನಿ. ನಿಮ್ಮ ಮೇಲಿನವ್ರಿಗೆ ಹೇಳಿ."

ಏಜೆಂಟನ ನಗು ಮಡಿಕೆ ಬಿತ್ತು. ಒಂದು ಸಿಗರೇಟು ಕಿತ್ತು ನೋಡಿ, "ಅಯ್ಯೋ ಯಜಮಾನ್ರೇ! ಅದು ಬೇಕಂತ ಮಾಡಿದ ತೂತು!" ಎಂದ.

"ಬೇಕಂತ ಪಂಚರ್ ಮಾಡ್ತಾರಾ ಯಾರಾದ್ರೂ?"

"ಅದ್ರಿಂದಾನೇ ಅದು ಲೈಟು. ಎಳೆದಾಗ ತೂತಿನಿಂದ ಗಾಳಿ ಒಳಗೆ ಬಂದು ಹೊಗೆ ಜೊತೆ ಬೆರೆಯುತ್ತೆ, ಹೊಗೆ ತೆಳ್ಳಗಾಗುತ್ತೆ. ಕಾರ್ಖಾನೇಲಿ ಯಂತ್ರ ಸೇದುತ್ತೆ. ನಿಮಿಷಕ್ಕೊಂದು ದಮ್ಮು, ಎರಡೇ ಸೆಕೆಂಡು. ಅದಕ್ಕೆ ಬಂದ ಟಾರು ತೂಗಿ ಪ್ಯಾಕೆಟ್ ಮೇಲೆ ನಂಬರ್ ಹಾಕ್ತಾರೆ."

ನಾನು ಟ್ಯೂಬು ಕೆಳಗಿಟ್ಟು ಎದ್ದುಬಂದೆ. "ಆ ಯಂತ್ರ ಸಿಗರೇಟನ್ನ ಹೇಗಪ್ಪಾ ಹಿಡ್ಕೊಳ್ಳುತ್ತೆ?"

"ತುದೀಲಿ ಮಾತ್ರ ಅಮ್ಮಾ. ತೂತಿಗೆ ತಾಗದ ಹಾಗೆ."

"ಬೆರಳಿಲ್ವಾ ಅದಕ್ಕೆ?"

"ಯಂತ್ರಕ್ಕೆಲ್ಲಿ ಬೆರಳು?"

"ತುಟಿ?"

"ಇಲ್ಲ."

"ಸಾಲದು ಅನ್ನಿಸಿದ್ರೆ ಜಾಸ್ತಿ ಎಳೆಯುತ್ತಾ? ನಿಮಿಷಕ್ಕೆ ಎರಡು ಮೂರು ದಮ್ಮು?"

"ಅದಕ್ಕೆ ಸಾಲದು ಅಂತ ಹೇಗೆ ಅನ್ನಿಸುತ್ತೆ ಅಮ್ಮಾ..."

"ಬ್ಯಾಂಡ್ ಮೇಷ್ಟ್ರು ಬೈದ್ರು ಅಂತ ಇನ್ನೊಂದು ಹಚ್ಚುತ್ತಾ?"

ಏಜೆಂಟು ಸೂಟ್‌ಕೇಸನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನಾನು ಬಿಡಲಿಲ್ಲ. "ಹಾಗಾದ್ರೆ ಐದು ಅನ್ನೋದು ನಿಮ್ಮ ಯಂತ್ರದ ಎದೆಗೆ ಹೋದ ಟಾರು. ನಮ್ಮ ಹುಡುಗನ ಎದೆಗೆ ಹೋದದ್ದನ್ನ ತೂಗಿದೋರು ಯಾರು?" ಎಂದೆ. ಅವನು ಗಡಿಯಾರ ನೋಡಿಕೊಂಡು, ಇನ್ನೂ ಆರು ಅಂಗಡಿಗೆ ಹೋಗುವುದಿದೆ ಎಂದು ಹೊರಟೇಹೋದ.

ನಮ್ಮವರು ಆ ಹದಿನೈದನ್ನೂ ಚಕ್ರದಿಂದ ಒಂದೊಂದಾಗಿ ಕಿತ್ತರು. ಒಂದು ತಿಂಗಳು ದಿನಾ ಬೆಳಿಗ್ಗೆ ಎದ್ದು, ಹಿಟ್ಟು ಕಲಸಿ, ತಮ್ಮನ ಎದೆಗೆ ನಾವೇ ಅಂಟು ತುಂಬಿದ್ದೆವು. "ಏನೇ, ಇಷ್ಟು ವರ್ಷ ತೂತು ಮುಚ್ಚಿ ಯಾರಿಗೂ ಕೆಟ್ಟದ್ದು ಮಾಡಿರಲಿಲ್ಲ ಕಣೇ" ಎಂದರು ನನ್ನ ಮುಖ ನೋಡದೆ.

ಪೀಪಿ ಸಂಜೆ ಬಂದಾಗ ಎಲ್ಲ ಹೇಳಿದೆವು. ಅವನು ಬೈಯುತ್ತಾನೆಂದುಕೊಂಡರೆ, ಹೊಸ ಉಪಾಯ ತೆಗೆದ. "ಹಾಗಾದ್ರೆ ತೂತು ಬಿಟ್ಟು ಸೇದಿದ್ರೆ ಆಯ್ತಲ್ಲ! ಯಂತ್ರ ಸೇದಿದ ಹಾಗೆ ಸೇದ್ತೀನಿ."

ಬೆರಳನ್ನು ನಂಬುವಂತಿರಲಿಲ್ಲ. ಅದಕ್ಕಾಗಿ ನಮ್ಮವರು ಸೈಕಲ್ ಕಡ್ಡಿ ಬಗ್ಗಿಸಿ ಒಂದು ಇಕ್ಕಳ ಮಾಡಿಕೊಟ್ಟರು. ಪೀಪಿ ಇಕ್ಕಳದಲ್ಲಿ ಸಿಗರೇಟನ್ನು ಹಿಡಿದು, ಕತ್ತು ಮುಂದೆ ಚಾಚಿ, ಕುದಿಯುವ ಟೀ ಗುಟುಕರಿಸುವಂತೆ ತುಟಿಯ ತುದಿಯನ್ನಷ್ಟೇ ತಾಗಿಸಿ ಎಳೆಯುತ್ತಿದ್ದ. ನನ್ನನ್ನು ಗಡಿಯಾರ ನೋಡಲು ಕೂರಿಸಿದ.

"ಈಗ ಎಳೀಲಾ ಅತ್ತಿಗೆ?"

"ಇನ್ನೂ ನಲವತ್ತು ಸೆಕೆಂಡಿದೆ."

"ಈಗ?"

"ಮೂವತ್ತೆಂಟು."

"ಆ ಯಂತ್ರಕ್ಕೆ ಮಾಡೋಕೆ ಬೇರೆ ಕೆಲಸ ಇಲ್ವಾ!" ಎಂದು ಎಳೆದೇಬಿಟ್ಟ. ಎಳೆದನೋ, ಕೆನ್ನೆ ಎರಡೂ ಒಳಗೆ ಹೋಗಿ ಒಂದಕ್ಕೊಂದು ನಮಸ್ಕಾರ ಹೇಳಿದವು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಒಬ್ಬ ಹೆಂಗಸು, "ಇವ್ರಿಗೆ ಕೈಗೆ ಏನಾದ್ರೂ ಆಗಿದ್ಯಾ?" ಎಂದು ಕನಿಕರದಿಂದ ಕೇಳಿದರು.

ನಾನು ತುಂಡುಗಳನ್ನು ಡಬ್ಬಿಯಲ್ಲಿ ಕೂಡಿಹಾಕಿದೆ. ಮೊದಲ ದಿನ ಬೊಟ್ಟು ನಡುವೆ ಮಾತ್ರ ಇತ್ತು, ಆದರೆ ತುಂಡು ಇಪ್ಪತ್ತೆರಡು. ಮರುದಿನ ಇಪ್ಪತ್ತೇಳು. ಮೂರನೆಯ ದಿನ ಮೂವತ್ತೊಂದು, ಎಳೆದ ಬಿರುಸಿಗೆ ಬೊಟ್ಟೂ ದೊಡ್ಡದಾಗಿ ಕಪ್ಪಗಾಗಿತ್ತು. ಡಬ್ಬಿಯನ್ನು ಅವನ ಮುಂದೆ ಬಗ್ಗಿಸಿದೆ.

"ನೋಡಪ್ಪಾ. ತೂತು ಮುಚ್ಚಿದ್ರೆ ಹಾಗೆ, ತೂತು ಬಿಟ್ರೆ ಹೀಗೆ. ನಿನ್ನ ಮೈಗೆ ಎಷ್ಟು ಬೇಕೋ ಅಷ್ಟನ್ನ ಅದು ವಸೂಲಿ ಮಾಡ್ಕೊಂಡೇ ಬಿಡುತ್ತೆ. ಲೈಟು ಅನ್ನೋದು ಬರೀ ಪ್ಯಾಕೆಟ್ಟಿನ ಬಣ್ಣ."

ಅವನು ಮೂವತ್ತೊಂದು ತುಂಡನ್ನೂ ಒಂದೊಂದಾಗಿ ಡಬ್ಬಿಗೆ ವಾಪಸ್ ಹಾಕಿದ. ಆಮೇಲೆ ಜೇಬಿನಿಂದ ಪ್ಯಾಕೆಟ್ಟು ತೆಗೆದು ಬೋಗುಣಿಗೆ ಹಾಕಿದ. ಗುಳ್ಳೆ ಎದ್ದವು. "ಆ ಯಂತ್ರಕ್ಕೇ ಕೊಡಿ, ಅದು ಹಾಯಾಗಿ ಸೇದ್ಕೊಂಡಿರ್ಲಿ. ನಂಗೆ ಊದೋಕಿದೆ" ಎಂದು ಒಳಗೆ ಹೋಗಿ ಮಲಗಿಬಿಟ್ಟ.

ಬಿಟ್ಟದ್ದೇನೋ ಬಿಟ್ಟ. ಮೊದಲ ಮೂರು ವಾರ ಮಾತ್ರ ನಮ್ಮನ್ನು ಕಾಡಿದ್ದು ಅಷ್ಟಿಷ್ಟಲ್ಲ. ಅನ್ನ ಬೆಂದಿದೆ ಎಂದು ಜಗಳ, ಬೆಂದಿಲ್ಲ ಎಂದು ಜಗಳ. ಎರಡೂ ಒಂದೇ ಊಟದಲ್ಲಿ. ಬಾಯಿಗೆ ಏನಾದರೂ ಬೇಕೆಂದು ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ಚಕ್ಕೆಗಳನ್ನು ಅಗಿದು ಅಗಿದು ಹನ್ನೊಂದು ಚಕ್ಕೆ ಮುಗಿಸಿದ. ಬೆರಳಿಗೆ ಕೆಲಸವಿಲ್ಲದೆ ಗಿರಾಕಿಗಳ ಕೋಟಿನ ಗುಂಡಿಗಳ ಮೇಲೆ ರಾಗ ನುಡಿಸಲು ಹೋಗಿ ಒಬ್ಬರಿಂದ ಏಟು ತಿಂದ. ಒಂದು ದಿನ ಗೂಡಂಗಡಿಯತ್ತ ನಾಲ್ಕು ಹೆಜ್ಜೆ ಹಾಕಿದವನನ್ನು ನಮ್ಮವರು ಸೈಕಲ್ ಪಂಪು ಹಿಡಿದು ಅಟ್ಟಿಸಿಕೊಂಡು ಬಂದು ತಿರುಗಿಸಿದರು. ನಾಲ್ಕನೆಯ ವಾರಕ್ಕೆ ಕೆಮ್ಮು ಇಳಿಯಿತು. ಪ್ರತಿದಿನ ಅಂಗಳದಲ್ಲಿ ನಾನು ಬೋಗುಣಿಯ ಅಂಚನ್ನು ಬಡಿಯುತ್ತ ಎಣಿಸುತ್ತಿದ್ದೆ, ಅವನು ಊದುತ್ತಿದ್ದ. ಹತ್ತು. ಹನ್ನೊಂದು. ಒಂದು ವಾರ ಹನ್ನೆರಡರಲ್ಲೇ ಹಟ ಹಿಡಿದು ಕೂತಿತು. ಆಮೇಲೆ ಹದಿನಾಲ್ಕು. ಮಂಟಪ ತೆರೆಯುವ ಹಿಂದಿನ ದಿನ ಹದಿನೈದೂವರೆ.

"ಅರ್ಧ ಎಣಿಕೆಗೆ ಕುರ್ಚಿ ಹೋಗುತ್ತಾ ಅತ್ತಿಗೆ?"

"ಆ ಮೇಷ್ಟ್ರು ಕಾಲೆಣಿಕೆಗೂ ಬಿಡೋರಲ್ಲ. ತೆಪ್ಪಗೆ ಮಲಕ್ಕೋ" ಎಂದೆ.

ಮರುದಿನ ಉದ್ಯಾನದ ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು. ನಾವಿಬ್ಬರೂ ಮೂರನೆಯ ಸಾಲು. ನೀಲಿ ಕೋಟಿನ ಬ್ಯಾಂಡು ಮಂಟಪದ ಮುಂದೆ ಸಾಲಾಗಿ ಕೂತಿತ್ತು. ಪೀಪಿ ಮೊದಲ ಕುರ್ಚಿಯಲ್ಲಿದ್ದ. ಅವನ ಪಕ್ಕದಲ್ಲಿ ಎರಡನೆಯವನು ತನ್ನ ಕ್ಲಾರಿನೆಟ್ಟನ್ನು ಬಾಯಿಯ ಹತ್ತಿರವೇ ಹಿಡಿದು ತಯಾರಾಗಿದ್ದ. ಮೇಷ್ಟ್ರೇ ಹಾಗೆ ಹೇಳಿದ್ದರು: ಇವನು ಬಿಟ್ಟರೆ ನೀನು ಹಿಡಿ, ಆಮೇಲೆ ಆ ಕುರ್ಚಿ ನಿನ್ನದೇ.

ಅಧ್ಯಕ್ಷರು ಹಗ್ಗ ಹಿಡಿದರು. ಮೇಷ್ಟ್ರ ಕೋಲು ಏರಿತು. ಪೀಪಿಯ ಸ್ವರ ಹೊರಟಿತು.

ನಾನು ನಮ್ಮವರ ಮಂಡಿಯನ್ನು ಬಡಿಯುತ್ತ ಎಣಿಸಿದೆ. ಏಳು, ಎಂಟು, ಒಂಬತ್ತು. ನಮ್ಮವರು ಕಣ್ಣು ಮುಚ್ಚಿಕೊಂಡರು. ಹನ್ನೆರಡು. ನೀಲಿ ಬಟ್ಟೆ ಜಾರತೊಡಗಿತು. ಹದಿನಾಲ್ಕು. ಹದಿನೈದು. ಸ್ವರ ಅಲುಗಲಿಲ್ಲ. ಹದಿನಾರು! ನಾನು ಮಂಡಿಯನ್ನು ಎಷ್ಟು ಜೋರಾಗಿ ಗುದ್ದಿದೆನೆಂದರೆ ಅವರು ಅಯ್ಯೋ ಎಂದರು.

ಆದರೆ ಮೇಷ್ಟ್ರ ಕೋಲು ಇಳಿಯಲಿಲ್ಲ. ನೋಡಿದರೆ ಬಟ್ಟೆ ಅರ್ಧಕ್ಕೆ ಬಂದು ಮಂಟಪದ ತುದಿಯ ಕಬ್ಬಿಣದ ಮೊಳೆಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಬಟ್ಟೆ ಬೀಳುವವರೆಗೆ ಸ್ವರ ನಿಲ್ಲಬಾರದು. ಹದಿನೇಳು. ಅಧ್ಯಕ್ಷರು ಎಳೆದರು. ಹದಿನೆಂಟು. ಅಧ್ಯಕ್ಷರು ಎರಡೂ ಕೈಯಲ್ಲಿ ಎಳೆದರು. ಪೀಪಿಯ ಮುಖ ಕೆಂಪಾಗಿ, ಕೆಂಪು ಹೋಗಿ ನೇರಳೆಯಾಗಿ, ಕೋಟಿನ ಬಣ್ಣಕ್ಕೇ ಹತ್ತಿರ ಬರುತ್ತಿತ್ತು. ಮೇಷ್ಟ್ರು ತುಟಿಯಲ್ಲೇ "ಹಿಡಿ, ಹಿಡಿ" ಎನ್ನುತ್ತಿದ್ದರು. ಹತ್ತೊಂಬತ್ತು. ನಮ್ಮವರು ಎದ್ದು ನಿಂತು, ಸಭೆಗೆಲ್ಲ ಕೇಳುವಂತೆ, "ಎಳೀರೀ ಸ್ವಾಮೀ, ನನ್ನ ತಮ್ಮ ಸಾಯ್ತಾನೆ!" ಎಂದು ಕೂಗಿದರು. ಅಧ್ಯಕ್ಷರು ಕಂಬಕ್ಕೆ ಕಾಲು ಕೊಟ್ಟು ಜೋತುಬಿದ್ದರು. ಇಪ್ಪತ್ತು. ಸ್ವರ ದಾರದಷ್ಟು ತೆಳ್ಳಗಾಯಿತು, ಆದರೂ ಇತ್ತು. ಎರಡನೆಯವನು ಕ್ಲಾರಿನೆಟ್ಟನ್ನು ತುಟಿಗೆ ತಾಗಿಸಿದ. ಇಪ್ಪತ್ತೊಂದು, ಪರ್ರ್ ಎಂದು ಬಟ್ಟೆ ಹರಿದು ಅಧ್ಯಕ್ಷರ ತಲೆಯ ಮೇಲೆಯೇ ಬಿತ್ತು, ಹಿಂದಿನಿಂದ ತಾಳ ಧಡಾರ್ ಎಂದಿತು.

ಪೀಪಿ ಉಸಿರೆಳೆದುಕೊಂಡ ಸದ್ದು ಮೂರನೆಯ ಸಾಲಿನ ನಮಗೂ ಕೇಳಿಸಿತು. ಬ್ಯಾಂಡೆಲ್ಲ ನುಡಿಸುತ್ತ ಹೊರಟಾಗ ಅವನು ಎರಡು ಎಣಿಕೆ ತಡವಾಗಿ ಸೇರಿಕೊಂಡ.

ಎಲ್ಲ ಮುಗಿದು ಅಧ್ಯಕ್ಷರನ್ನು ಬಟ್ಟೆಯೊಳಗಿಂದ ಬಿಡಿಸಿದ ಮೇಲೆ ಮೇಷ್ಟ್ರು ಬಂದರು. ನಾವು ಮೂವರೂ ಕೈಕಟ್ಟಿ ನಿಂತಿದ್ದೆವು.

"ಎರಡೆಣಿಕೆ ತಡ ಮಾಡಿದೆ" ಎಂದರು ಮೇಷ್ಟ್ರು.

"ಉಸಿರು ತಗೊಳ್ತಿದ್ದೆ ಸಾರ್."

"ಮುಂದಿನ ಭಾನುವಾರ ತಡ ಆಗ್ಬಾರ್ದು. ಅದೇ ಕುರ್ಚಿ, ಸಂಜೆ ಐದಕ್ಕೆ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ಇಪ್ಪತ್ತೊಂದಯ್ಯಾ! ನಾನೇ ಎಣಿಸಿದೆ."

ಪೀಪಿ ಆ ಕುರ್ಚಿಯಲ್ಲಿ ಇನ್ನೂ ಹದಿಮೂರು ವರ್ಷ ಕೂತ. ಎರಡನೆಯವನಿಗೆ ಎರಡನೆಯ ಕುರ್ಚಿಯೇ ಗಟ್ಟಿಯಾಯಿತು. ತಾಳಕ್ಕೆ ಹೊಸಬನೊಬ್ಬನನ್ನು ತೆಗೆದುಕೊಂಡರು.